ಶೋಕಿ ಅಂದ್ರ ಬೈಗುಳ ಏನ್ರಿ?

ನಮ್ಮ ಕಡೆ ಒಬ್ಬ ಹುಡುಗನ ಹೆಸರು ಕೆಡಿಸಬೇಕಂದ್ರೆ ಅವನಿಗೆ ಸೆರೆ ಕುಡಿಸಬೇಕಾಗಿಲ್ಲ, ಇಸ್ಪೀಟು ಕಲಿಸಬೇಕಾಗಿಲ್ಲ. ‘ಅಂವ ಭಾಳ ಶೋಕಿ ಮಾಡ್ತಾನ’ ಅಂತ ಕಟ್ಟಿ ಮೇಲೆ ಕುಂತ ನಾಲ್ಕು ಮಂದಿ ಅಂದರೆ ಸಾಕು. ಕನ್ಯಾ ಕೊಡುವವರು ಹಿಂದೆ ಸರೀತಾರೆ, ಅಪ್ಪ ತಲೆ ತಗ್ಗಿಸ್ತಾನೆ, ಅವ್ವ ಯಾವ ದೇವರಿಗೆ ಹರಕೆ ಹೊರಬೇಕು ಅಂತ ಯೋಚನೆ ಮಾಡ್ತಾಳೆ. ಆ ಹುಡುಗ ಮಾಡಿದ ಶೋಕಿಯಾದರೂ ಏನು? ಇಸ್ತ್ರಿ ಅಂಗಿ ಹಾಕಿದ. ತಂಪು ಕನ್ನಡಕ ಕೊಂಡ. ದೋಸ್ತರ ಜೊತೆ ಕಲಬುರಗಿಗೆ ಹೋಗಿ ಸಿನಿಮಾ ನೋಡಿ, ತಹರಿ ತಿಂದು, ರಾತ್ರಿ ಕೊನೆಯ ಬಸ್ಸಿಗೆ ಊರಿಗೆ ಬಂದ. ಅಷ್ಟೇ.

ಈ ಶಬ್ದದ ಮೇಲೆ ನನಗೆ ಭಾಳ ದಿನದಿಂದ ಸಿಟ್ಟಿದೆ. ಕಮಲಾಪುರದ ಹತ್ತಿರದ ಹಳ್ಳಿಯಿಂದ ಬಿ.ಇ. ಮಾಡಿ ಬೆಂಗಳೂರಿಗೆ ಬಂದು ಹತ್ತು ಹನ್ನೆರಡು ವರ್ಷ ಕೋಡ್ ಬರೆದ ಮೇಲೂ, ಒಂದು ಒಳ್ಳೆಯ ಜೋಡು ಬೂಟು ಕೊಂಡಾಗ ಕಿವಿಯಲ್ಲಿ ಅದೇ ಶಬ್ದ ಗುಂಯ್ಗುಡುತ್ತದೆ. ನನ್ನ ಹಾಗೆ ಹಳ್ಳಿಯಿಂದ ಬಂದು, ಮನೆಗೆ ರೊಕ್ಕ ಕಳಿಸಿ, ಉಳಿದದ್ದರಲ್ಲಿ ಏನಾದರೂ ಖುಷಿಪಟ್ಟರೆ ಅಪರಾಧ ಮಾಡಿದಂತೆ ಕುಗ್ಗುವ ಸಾವಿರಾರು ಮಂದಿ ಈ ಊರಲ್ಲಿದ್ದಾರೆ. ಅವರ ಪರವಾಗಿ ಈ ಜಗಳ.

ಮೊದಲು ಶಬ್ದವನ್ನೇ ಹಿಡಿಯೋಣ. ಅದು ಅರಬ್ಬಿಯ ‘ಶೌಕ್’. ಪಾರಸಿ, ಉರ್ದು ದಾಟಿ ನಮ್ಮ ಬಾಯಿಗೆ ಬಂದದ್ದು. ಮೂಲದಲ್ಲಿ ಅದರ ಅರ್ಥ ಹಂಬಲ, ಒಲವು. ಕಲಬುರಗಿಯ ನೆಹರು ಗಂಜಿನಲ್ಲಿ ಯಾವುದೇ ಚಹಾದಂಗಡಿಯಲ್ಲಿ ಅರ್ಧ ತಾಸು ಕುಂತರೆ ಈ ಶಬ್ದದ ಎರಡು ಹಣೆಬರಹ ಒಟ್ಟಿಗೇ ಕೇಳಿಸುತ್ತವೆ. ಒಂದು ಬೆಂಚಿನಲ್ಲಿ ದಖನಿ ಮಾತಾಡುವವರು ಯಾರನ್ನೋ ಹೊಗಳ್ತಾ ಅವನಿಗೆ ಗಾನಾದ ‘ಶೌಖ್’ ಇದೆ, ಶಾಯರಿಯ ‘ಶೌಖ್’ ಇದೆ ಅಂತಾರೆ. ಪಕ್ಕದ ಬೆಂಚಿನಲ್ಲಿ ಕನ್ನಡದವರು ಅದೇ ಶಬ್ದಕ್ಕೆ ಒಂದು ದೀರ್ಘ ಸೇರಿಸಿ ಇನ್ನೊಬ್ಬನ ಮಾನ ಕಳೀತಾರೆ. ಒಂದೇ ಕೆಟಲಿನ ಚಹಾ. ದಖನಿಯ ಹೆಸರಾಂತ ಹಾಸ್ಯಕವಿ ಸುಲೈಮಾನ್ ಖತೀಬ್ ಇದೇ ಊರಿನ ವಾಟರ್ ವರ್ಕ್ಸ್‌ನಲ್ಲಿ ನೌಕರಿ ಮಾಡ್ತಾ ಮಾಡ್ತಾ ಕವಿತೆ ಬರೆದವರು. ಹಗಲು ನೌಕರಿ, ರಾತ್ರಿ ಮುಷಾಯಿರಾ. ಅವರಿಗೆ ಯಾರೂ ‘ನೌಕರಿ ಮಾಡೋದು ಬಿಟ್ಟು ಇದೇನು ಶೋಕಿ’ ಅಂದಿರಲಿಕ್ಕಿಲ್ಲ. ಅಂದಿದ್ದರೂ ಅವರು ಅದರ ಮೇಲೆ ಒಂದು ನಗೆಗವಿತೆ ಬರೆದು ಅಂದವನ ಮುಂದೆಯೇ ಓದುತ್ತಿದ್ದರೇನೋ.

‘ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ, ನಮ್ಮದು ಸಾದಾ ಜೀವನ’ ಅನ್ನುವ ಹಿರಿಯರಿಗೆ ಒಂದು ಸಣ್ಣ ಮಾಹಿತಿ. ನಮ್ಮೂರ ರೋಡ್ ಹಿಡಿದು ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ ಬರುತ್ತದೆ. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅಂತ ಒಂದು ಗ್ರಂಥ ಮಾಡಿದ. ನೂರು ಅಧ್ಯಾಯ. ಅದರಲ್ಲಿ ರಾಜನೀತಿ ಇದೆ, ಆನೆ ಹಿಡಿಯುವುದಿದೆ. ಜೊತೆಗೆ ಏನು ತಿನ್ನಬೇಕು, ಹೆಂಗೆ ಬೇಯಿಸಬೇಕು, ಯಾವ ಋತುವಿಗೆ ಯಾವ ಬಟ್ಟೆ, ಯಾವ ಸುಗಂಧ, ಎಲೆ ಅಡಿಕೆ, ಸಂಗೀತ, ಕುಣಿತ, ಚಿತ್ರ ಬರೆಯುವುದು, ಟಗರಿನ ಕಾಳಗದ ತನಕ ಎಲ್ಲಾ ಇದೆ. ಇಡ್ಲಿ ದೋಸೆಯ ಮುತ್ತಜ್ಜಂದಿರನ್ನು ಹುಡುಕುವವರು ಇವತ್ತಿಗೂ ಆ ಪುಸ್ತಕವನ್ನೇ ತೆರೀತಾರೆ. ಅಂದರೆ ಶೋಕಿ ನಮ್ಮ ಸಂಸ್ಕೃತಿಯಲ್ಲಿ ಇತ್ತು. ಆದರೆ ಅರಸನದಾಗಿತ್ತು. ಅರಸ ಮಾಡಿದರೆ ಉಲ್ಲಾಸ, ಅವನ ಕುದುರೆಗೆ ಹುಲ್ಲು ಹಾಕುವವ ಮಾಡಿದರೆ ಶೋಕಿ. ತಕರಾರು ಇರುವುದು ಖುಷಿಯ ಬಗ್ಗೆ ಅಲ್ಲ, ಖುಷಿಪಡುವವ ಯಾರು ಅನ್ನುವುದರ ಬಗ್ಗೆ.

ಬೇಕಿದ್ದರೆ ನಮ್ಮ ಊರಿನ ಲೆಕ್ಕ ತೆಗೀರಿ. ಹುಡುಗ 3,000 ರೂಪಾಯಿ ಬೂಟು ಕೊಂಡರೆ ಶೋಕಿ. ಅದೇ ಹುಡುಗನ ಮದುವೆಗೆ ಕಲ್ಯಾಣ ಮಂಟಪ, ಡಿಜೆ, ಡ್ರೋನ್ ಕ್ಯಾಮೆರಾ, ಎಂಟು ಬಗೆ ಸಿಹಿ, ಬ್ಯಾನರಿನಲ್ಲಿ ಮಂತ್ರಿಗಳ ಫೋಟೋ. ಇದಕ್ಕೆ ಹೊಲ ಅಡವಿಟ್ಟರೂ ಅದು ‘ಮರ್ಯಾದಿ’. ವರದಕ್ಷಿಣೆ ಕೊಡೋದು ತಗೊಳ್ಳೋದು ಎರಡೂ 1961ರಿಂದ ಕಾನೂನಿನಲ್ಲಿ ಅಪರಾಧ. ಕಾರು ಬೇಕು ಅಂತ ಹೆಣ್ಣಿನ ಅಪ್ಪನ ಮುಂದೆ ಕುಂತು ಕೇಳುವವನಿಗೆ ಇವತ್ತಿನ ತನಕ ಕಟ್ಟಿ ಮೇಲಿನ ಯಾರೂ ಶೋಕಿಲಾಲ ಅಂದದ್ದನ್ನು ನಾನು ಕೇಳಿಲ್ಲ. ಅವನಿಗೆ ‘ಕೇಳುವ ಹಕ್ಕು ಅದ, ಇಂಜಿನಿಯರ್ ಅದಾನ’ ಅಂತಾರೆ. ಇನ್ನೊಬ್ಬರ ರೊಕ್ಕದಲ್ಲಿ, ಇನ್ನೊಬ್ಬರ ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು ಮರ್ಯಾದಿ. ಸ್ವಂತ ದುಡಿಮೆಯಲ್ಲಿ ಸ್ವಂತ ಮನಸ್ಸಿಗೆ ಮಾಡಿದ್ದು ಶೋಕಿ. ಈ ಲೆಕ್ಕದಲ್ಲಿ ಬಗ್ ಇದೆ ಅಂತ ಹೇಳಲಿಕ್ಕೆ ಸಾಫ್ಟ್‌ವೇರ್ ಓದಬೇಕಾಗಿಲ್ಲ.

ನಮ್ಮ ಹಿರಿಯರು ಖುಷಿಪಡದೆ ಬರೀ ದುಡಿದರು ಅನ್ನುವುದೂ ಅರ್ಧ ಖರೆ. ನಾನು ಸಣ್ಣವನಿದ್ದಾಗ ಅಪ್ಪ ತೊಗರಿ ಮಾರಲಿಕ್ಕೆ ಗಂಜಿಗೆ ಹೋಗುವ ದಿನ ಮನೆಯಲ್ಲಿ ಹಬ್ಬದ ವಾತಾವರಣ. ನೀಲಿ ಹಾಕಿ ತೊಳೆದ ಧೋತರ. ಪಟಕಾ ಸುತ್ತಲಿಕ್ಕೆ ಕಾಲು ತಾಸು. ಒಂದು ಸುತ್ತು ಸಡಿಲಾದರೆ ಮತ್ತೆ ಬಿಚ್ಚಿ ಸುತ್ತಿಕೊಳ್ಳುತ್ತಿದ್ದ. ಅಡತ್ ಅಂಗಡಿಯವನ ಮುಂದೆ ನಿಲ್ಲಬೇಕಲ್ಲ, ಮೈಮೇಲಿನ ಬಟ್ಟೆ ನೋಡಿಯೇ ಅವನು ಮಾತಾಡಿಸುವ ದನಿ ಬದಲಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಇವತ್ತು ನಾನು ಕ್ಲೈಂಟ್ ಮೀಟಿಂಗಿಗೆ ಬ್ಲೇಜರ್ ಹಾಕಿಕೊಳ್ಳುವುದಕ್ಕೂ ಅದಕ್ಕೂ ಏನು ಫರಕು? ಗಂಜಿನಲ್ಲಿ ಚೀಲ ಇಳಿದು, ಸವಾಲು ಮುಗಿದು, ಹಮಾಲಿ, ತೂಕದ ಖರ್ಚು ಕಳೆದು ಪಟ್ಟಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಅಪ್ಪನ ದಿನ ಶುರು. ಕಟಿಂಗ್ ಅಂಗಡಿಯಲ್ಲಿ ದಾಡಿ. ಜೊತೆಗಾರರ ಕೂಡ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ. ರೇಟು ಚಲೋ ಬಂದ ವರ್ಷ ಒಂದು ಸಿನಿಮಾ. ಬರುವಾಗ ಕಾಗದದಲ್ಲಿ ಕಟ್ಟಿದ ಮಿರ್ಚಿ ಭಜಿ, ಎಣ್ಣೆ ಸೋರಿ ಅಂಗಿಯ ಕಿಸೆಗೆ ಹತ್ತಿರುತ್ತಿತ್ತು.

ಫ್ಯಾಶನ್, ಊಟ, ಕಲೆ, ಸ್ನೇಹ. ನಾಲ್ಕೂ ಅದೇ ಒಂದು ದಿನದಲ್ಲಿ ಮುಗಿದಿತ್ತು ನೋಡ್ರಿ. ಅದಕ್ಕೆ ಅವನು ಕೊಟ್ಟ ಹೆಸರು ‘ಗಂಜಿನ ಕೆಲಸ’.

ಆ ದಿನದಲ್ಲಿ ಅವ್ವ ಎಲ್ಲಿದ್ದಳು ಅಂತ ಕೇಳಿದರೆ, ಮನೆಯಲ್ಲೇ. ತೊಗರಿ ಕಳೆ ತೆಗೆದವಳು ಅವಳು, ಕೊಯ್ದವಳು ಅವಳು, ಬಡಿದು ತೂರಿ ಹಸನು ಮಾಡಿದವಳು ಅವಳು. ನಲವತ್ತು ವರ್ಷ ಅವಳ ಕೈಯಿಂದ ಹೋದ ತೊಗರಿ ನೆಹರು ಗಂಜನ್ನು ಕಂಡಿತು, ಅವಳು ಕಾಣಲಿಲ್ಲ. ಅವಳ ಪಾಲಿಗೆ ಬಂದದ್ದು ಆರಿದ ಮಿರ್ಚಿ ಭಜಿ. ಈ ಮಾತಿಗೆ ಮತ್ತೆ ಬರ್ತೀನಿ.

ಈಗ ಬೆಂಗಳೂರಿನ ಕಡೆ ತಿರುಗೋಣ. ಇಲ್ಲಿ ಶೋಕಿ ಅಂತ ಯಾರೂ ಬಯ್ಯುವುದಿಲ್ಲ, ಟೈಮೇ ಕೊಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರಾದ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಗೆ ಬಂತು: 90 ತಾಸು, ಭಾನುವಾರವೂ; ಮನೆಯಲ್ಲಿ ಕುಂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡ್ತೀರಿ ಅನ್ನುವ ಧಾಟಿಯಲ್ಲಿ. ವಾರದಲ್ಲಿ ಇರುವುದು 168 ತಾಸು. ದಿನಕ್ಕೆ 7 ತಾಸಿನ ನಿದ್ದೆ ಅಂದರೆ 49. ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರಲಿಕ್ಕೆ ದಿನಕ್ಕೆ 2 ತಾಸು ಇಟ್ಟುಕೊಳ್ಳಿ, ಅದೂ ಮಳೆ ಇಲ್ಲದ ದಿನ. 70ರ ಲೆಕ್ಕದಲ್ಲಿ ಉಳಿಯುವುದು ವಾರಕ್ಕೆ 35 ತಾಸು, 90ರ ಲೆಕ್ಕದಲ್ಲಿ 15. ಸ್ನಾನ, ಅಡುಗೆ, ಬಟ್ಟೆ, ಊರಿಗೆ ಫೋನು, ಡಾಕ್ಟರು ಎಲ್ಲಾ ಆ 15ರೊಳಗೆ. ಇದರಲ್ಲಿ ನಾಟಕ ಎಲ್ಲಿ ನೋಡಬೇಕು, ದೋಸ್ತನ ಮನೆಗೆ ಯಾವಾಗ ಹೋಗಬೇಕು?

ಮಜಾ ಅಂದರೆ, ಕಟ್ಟಿ ಮೇಲಿನ ನಮ್ಮ ಕಾಕಾನೂ ಈ ದೊಡ್ಡ ಸಾಹೇಬರೂ ಒಂದೇ ಮಾತು ಆಡ್ತಿದ್ದಾರೆ. ‘ದುಡಿ, ಆಮೇಲೆ ನೋಡೋಣ’ ಅಂತ. ಆ ‘ಆಮೇಲೆ’ ಯಾವಾಗ ಬರುತ್ತದೆ ಅಂತ ಇಬ್ಬರೂ ಹೇಳುವುದಿಲ್ಲ. ಗಂಜಿನ ಹಮಾಲ ಚೀಲದ ಲೆಕ್ಕಕ್ಕೆ ದುಡೀತಾನೆ, ಸೀಸನ್ನಿನಲ್ಲಿ ಬೆನ್ನು ಮುರಿಯುವಷ್ಟು. ಹಮಾಲರು ಸುಖವಾಗಿದ್ದಾರೆ ಅನ್ನುವ ಸಿನಿಮಾ ಡೈಲಾಗ್ ನಾನು ಹೇಳುವವನಲ್ಲ. ಆದರೆ ಅವರಲ್ಲಿ ಎಷ್ಟೋ ಮಂದಿ ಊರಿಗೆ ಹೋದಾಗ ಭಜನೆಗೆ ಕುಂದರುತ್ತಾರೆ, ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕ್ತಾರೆ, ರಿವಾಯತ್ ಪದ ಹಾಡ್ತಾರೆ. ನಿಮ್ಮ ಆಫೀಸಿನ ನೆಲಮಾಳಿಗೆಯಲ್ಲಿ ಟೇಬಲ್ ಟೆನಿಸ್ ಇದೆ ಅಂತ ನೀವು ಅವರಿಗಿಂತ ಹೆಚ್ಚು ಬಾಳಿದ್ದೀರಿ ಅನ್ನಬ್ಯಾಡ್ರಿ.

ಇನ್ನೊಂದು ಜಾತಿಯವರಿದ್ದಾರೆ, ಅವರ ಮೇಲೆ ನನ್ನ ಸಿಟ್ಟು ಸ್ವಲ್ಪ ಹೆಚ್ಚು, ಯಾಕಂದ್ರೆ ಅವರು ನನ್ನ ಪಕ್ಕದ ಡೆಸ್ಕಿನಲ್ಲೇ ಕೂಡ್ತಾರೆ. ಶನಿವಾರ ಭಾನುವಾರದ ರಸಿಕರು. ಇವರಿಗೆ ಖುಷಿಯೂ ಒಂದು ಟಾಸ್ಕ್. ಹೊಸ ಕೆಫೆ ಆಯಿತಾ, ಟಿಕ್. ಪಾಟರಿ ವರ್ಕ್‌ಶಾಪ್ ಆಯಿತಾ, ಟಿಕ್. ‘ಅಥೆಂಟಿಕ್ ನಾರ್ತ್ ಕರ್ನಾಟಕ ಥಾಲಿ’ಯ ಫೋಟೋ ಬಂತಾ, ಟಿಕ್. ಆ ಥಾಲಿಯಲ್ಲಿ ರೊಟ್ಟಿಯನ್ನು ತ್ರಿಕೋನ ಕತ್ತರಿಸಿ ಡಬ್ಬಿಯಲ್ಲಿ ನಿಲ್ಲಿಸಿರ್ತಾರೆ, ಶೇಂಗಾ ಹಿಂಡಿಯನ್ನು ಬಟ್ಟಲಿನಲ್ಲಿ ಚಮಚದ ತುದಿಯಷ್ಟು ಇಟ್ಟಿರ್ತಾರೆ. ನಾನು ತಿಂತೀನಿ, ತಿನ್ನಬಾರದು ಅನ್ನುವ ವ್ರತ ನನಗಿಲ್ಲ. ಆದರೆ ಅದೇ ತಟ್ಟೆಯ ಮುಂದೆ ಕುಂತು ಇವರು ಕೇಳ್ತಾರೆ: ‘ಕಲಬುರಗಿಯಲ್ಲಿ ಏನಿದೆ ಮಗಾ? ಬರೀ ಬಿಸಿಲು ತಾನೆ?’

ಏನಿದೆ ಅಂತ ಕೇಳಿದ್ದಕ್ಕೆ ಹೇಳ್ತೀನಿ. ಎಸ್.ಎಂ. ಪಂಡಿತ ಅಂತ ಒಬ್ಬ ಚಿತ್ರಗಾರ ಇದ್ದರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು, 1993ರಲ್ಲಿ ತೀರಿಕೊಂಡರು. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು, ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ದೇವರ ಕ್ಯಾಲೆಂಡರ್ ಚಿತ್ರ ಬರೆದರು. ದೇಶದಲ್ಲಿ ಎಷ್ಟು ಮನೆಯ ಗೋಡೆಗಳ ಮೇಲೆ ಅವರ ಶಿವ ಪಾರ್ವತಿ ಇದ್ದರೋ ಲೆಕ್ಕವಿಲ್ಲ. ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಕೊಟ್ಟ ಕ್ಯಾಲೆಂಡರನ್ನು ವರ್ಷ ಮುಗಿದ ಮೇಲೂ ಹರಿಯದೆ, ತಾರೀಖಿನ ಭಾಗ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದ ನಮ್ಮ ಅಜ್ಜಿಯರನ್ನು ನೀವು ‘ಆರ್ಟ್ ಕಲೆಕ್ಟರ್’ ಅನ್ನುವುದಿಲ್ಲ. ನಾನು ಅಂತೀನಿ. ಕಲಬುರಗಿಯ ರಂಗಮಂದಿರಕ್ಕೆ ಪಂಡಿತರ ಹೆಸರೇ ಇದೆ. ಅದೇ ಊರಲ್ಲಿ ದೃಶ್ಯಕಲೆ ಕಲಿಸುವ ಕಾಲೇಜಿದೆ, ಸರ್ಕಾರದ ರಂಗಾಯಣ ಇದೆ. ಮಳಖೇಡ ಅಲ್ಲೇ ಆಚೆಗೆ. ಓದು ಬಾರದ ಜನಕ್ಕೂ ಇಲ್ಲಿ ಕಾವ್ಯದ ರುಚಿ ಗೊತ್ತು ಅಂತ 9ನೇ ಶತಮಾನದಲ್ಲೇ ‘ಕವಿರಾಜಮಾರ್ಗ’ ಹೇಳಿದ್ದು ಆ ಊರಿನ ಅರಮನೆಯಿಂದ. (ಈ ಮಾತನ್ನು ನವೆಂಬರ್ 1ಕ್ಕೆ ಭಾಷಣ ಮಾಡುವವರೆಲ್ಲ ಹೇಳ್ತಾರೆ, ಹೇಳಿ ಕಾರು ಹತ್ತಿ ಹೋಗ್ತಾರೆ. ಇರಲಿ.)

ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಸಾಮಾನ್ಯವಾಗಿ ಮಸೀದಿಗೆ ಒಂದು ಬಯಲು ಅಂಗಳ ಇರುತ್ತದೆ, ಇದಕ್ಕೆ ಇಲ್ಲ. ಪೂರ್ತಿ ಛಾವಣಿ, ಕಮಾನಿನ ಹಿಂದೆ ಕಮಾನು. ಮೇ ತಿಂಗಳ ಮಧ್ಯಾಹ್ನ ಹೊರಗೆ ಬೆಂಕಿ ಸುರೀತಿರುವಾಗ ಒಳಗೆ ನಿಂತು ನೋಡಿ, ಬಿಸಿಲಿನ ಊರು ಬಿಸಿಲಿಗೆ ಏನು ಉತ್ತರ ಕೊಟ್ಟಿದೆ ಅಂತ ತಿಳೀತದೆ. ಕಮಲಾಪುರದ ಕೆಂಪು ಬಾಳೆಗೂ ಕಲಬುರಗಿಯ ತೊಗರಿಬೇಳೆಗೂ ಜಿಐ ಟ್ಯಾಗ್ ಸಿಕ್ಕಿದೆ. ನಮ್ಮೂರ ಕೆಂಪು ಬಾಳೆಯನ್ನು ಬೆಂಗಳೂರಿನ ಎಸಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದು ನೋಡಿ ಸಹೋದ್ಯೋಗಿಯೊಬ್ಬ ‘ಇದು ಇಂಪೋರ್ಟೆಡ್’ ಅಂದ. ಅಂವ ರಾಯಚೂರಿನವ! ಬೆಂಗಳೂರು ನಮಗೆ ಕಲಿಸಿದ್ದು ಇದೇ ನೋಡಿ, ನಮ್ಮ ಮನೆಯ ಪದಾರ್ಥವನ್ನು ನಾವೇ ಗುರುತು ಹಿಡಿಯದಿರುವುದು.

ಹಂಗಂತ ಬೆಂಗಳೂರನ್ನು ಬಯ್ಯುವ ಹುಕಿಯಲ್ಲಿ ನಾನಿಲ್ಲ. ‘ಹಳ್ಳಿಯೇ ಚಂದ, ಪಟ್ಟಣ ಕೆಟ್ಟದ್ದು’ ಅನ್ನುವ ಹಾಡು ಹಾಡುವವರು ಸಾಮಾನ್ಯವಾಗಿ ಹಳ್ಳಿಯಲ್ಲಿ ನೀರು ಹೊತ್ತವರಲ್ಲ. ರಂಗಶಂಕರದಲ್ಲಿ ಮೊದಲ ಸಲ ರೊಕ್ಕ ಕೊಟ್ಟು ಟಿಕೀಟು ತೆಗೆಸಿ ನಾಟಕ ನೋಡಿದ್ದು ನನ್ನ ಜೀವನದ ದೊಡ್ಡ ದಿನಗಳಲ್ಲಿ ಒಂದು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕಾಲು ಸೋಲುವ ತನಕ ತಿರುಗ್ತೀನಿ. ಎಲ್ಲಕ್ಕಿಂತ ಹೆಚ್ಚಾಗಿ, ಈ ಊರು ‘ನಿಮ್ಮದು ಯಾವ ಮಂದಿ?’ ಅಂತ ಪ್ರತಿ ಚಹಾಕ್ಕೂ ಕೇಳುವುದಿಲ್ಲ.

ಚಹಾಕ್ಕೆ ಕೇಳುವುದಿಲ್ಲ, ಬಾಡಿಗೆ ಮನೆಗೆ ಕೇಳುತ್ತದೆ. ಬಂದ ಹೊಸತರಲ್ಲಿ ನಾವು ಐದು ಮಂದಿ ಕಲಬುರಗಿ ಕಡೆಯ ಹುಡುಗರು ಮಾರತ್ತಹಳ್ಳಿ ಹತ್ತಿರ ಮನೆ ಹುಡುಕ್ತಿದ್ದೆವು. ಮನೆಯ ಮಾಲೀಕರು ಮೊದಲು ಮಾಂಸ ಬೇಯಿಸಬಾರದು ಅಂದರು, ಒಪ್ಪಿದೆವು. ಆಮೇಲೆ ಒಬ್ಬೊಬ್ಬರ ಹೆಸರು ಕೇಳಿದರು. ನಾಲ್ಕು ಹೆಸರಿಗೆ ತಲೆ ಆಡಿಸಿ ಐದನೆಯದಕ್ಕೆ ನಿಂತರು. ‘ನಿಮ್ಮ ನಾಲ್ವರಿಗೆ ಆದರೆ ಕೊಡ್ತೀನಿ’ ಅಂದರು. ಐದನೆಯವ ಪಾಪ, ‘ನೀವು ತಗೋರಿ, ನಾ ಬ್ಯಾರೆ ನೋಡ್ತೀನಿ’ ಅಂದ. ಚಪ್ಪಲಿ ಹಾಕಿಕೊಂಡು ಐದೂ ಮಂದಿ ಹೊರಗೆ ಬಂದೆವು. ಎರಡು ಕಿಲೋಮೀಟರ್ ಆಚೆ, ನೀರು ದಿನ ಬಿಟ್ಟು ದಿನ ಬರುವ ಒಂದು ಮನೆಯಲ್ಲಿ ಮೂರು ವರ್ಷ ಇದ್ದೆವು. ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಯಾರದೋ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬರುತ್ತಿತ್ತು. ರಮಜಾನ್ ಬಂದರೆ ಐದನೆಯವನ ಅಕ್ಕ ಕಳಿಸಿದ ಡಬ್ಬಿ. ಯಾರ ಮನೆಯ ಗಂಟು ಅಂತ ನೋಡದೆ ಬಿಚ್ಚುತ್ತಿದ್ದೆವು.

ಇದು ನಾವು ಬೆಂಗಳೂರಿನಲ್ಲಿ ಕಲಿತದ್ದೂ ಅಲ್ಲ. ನಮ್ಮ ಜಿಲ್ಲೆಯ ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನವರ ತತ್ವಪದದ ಮೇಳದಲ್ಲಿ ಚನ್ನೂರ ಜಲಾಲಸಾಹೇಬರಂಥವರು ಶಿಷ್ಯರಾಗಿದ್ದರು. ಇವತ್ತಿಗೂ ಏಕತಾರಿ, ದಿಮ್ಮಡಿ ಹಿಡಿದು ಬೆಳಗಿನ ತನಕ ಹಾಡಲಿಕ್ಕೆ ಕುಂತರೆ ಅವರ ಪದ, ಇವರ ಪದ ಒಂದರ ಹಿಂದೆ ಒಂದು ಬರ್ತವೆ. ಸ್ನೇಹ ಅಂದರೆ ನಮ್ಮ ಕಡೆ ಅದು. ಇಲ್ಲಿ ಕಂಪನಿಗಳಲ್ಲಿ ‘ನೆಟ್‌ವರ್ಕಿಂಗ್’ ಅಂತಾರಲ್ಲ, ಊಟ ಮುಗಿಯುವ ಮೊದಲೇ ಆ್ಯಪಿನಲ್ಲಿ ತಲೆಗೆ ಇಷ್ಟು ಅಂತ ಪಾಲು ಹಾಕಿ ಕಳಿಸ್ತಾರಲ್ಲ, ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಈಗ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ನನ್ನೊಳಗಿಂದಲೇ ಬರುತ್ತದೆ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಇಂದಿರಾನಗರದಲ್ಲಿ ತಲೆಗೆ 2,000ದ ಹಾಗೆ ನಾಲ್ಕು ಮಂದಿ ಬ್ರಂಚ್ ಮಾಡಿದರೆ ಒಂದು ಕ್ವಿಂಟಲ್ ತೊಗರಿ. ಮುಂಗಾರಿನಲ್ಲಿ ಬಿತ್ತಿ, ಹುಳಕ್ಕೆ ಔಷಧ ಹೊಡೆದು, ಚಳಿಗಾಲದಲ್ಲಿ ಕೊಯ್ದು ರಾಶಿ ಮಾಡಿದ ಒಂದು ಕ್ವಿಂಟಲ್. ಹಳ್ಳಿಯಿಂದ ಬಂದವನ ತಲೆಯಲ್ಲಿ ಈ ಪರಿವರ್ತನೆ ತಾನೇ ತಾನಾಗಿ ನಡೆಯುತ್ತದೆ, ಡಾಲರ್ ರೂಪಾಯಿ ಲೆಕ್ಕದ ಹಾಗೆ. ಹಿಂಗಿದ್ದಾಗ ಖುಷಿಪಡುವುದು ಹೆಂಗೆ?

ನನ್ನ ಉತ್ತರ ಇಷ್ಟು. ನಾನು ಕಾಫಿ ಬಿಟ್ಟರೆ ಗಂಜಿನಲ್ಲಿ ತೊಗರಿಯ ರೇಟು ಏರುವುದಿಲ್ಲ. ನಾನು ಹರಿದ ಅಂಗಿ ಹಾಕಿಕೊಂಡರೆ ಹೊರದೇಶದ ತೊಗರಿ ಹಡಗಿನಿಂದ ಇಳಿಯುವುದು ನಿಲ್ಲುವುದಿಲ್ಲ. ಆ ಜಗಳವನ್ನು ಜಗಳದ ಜಾಗದಲ್ಲೇ ಮಾಡಬೇಕು: ಬೆಲೆಗಾಗಿ, ಆಮದು ನೀತಿಯ ಬಗ್ಗೆ, ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯಲಿ ಅಂತ. ನನ್ನ ಉಪವಾಸದಿಂದ ಅಪ್ಪನ ಹೊಟ್ಟೆ ತುಂಬುವುದಿದ್ದರೆ ಊರು ಎಂದೋ ಉದ್ಧಾರ ಆಗಿರಬೇಕಿತ್ತು, ನಮ್ಮವರು ಮಾಡಿದ ಉಪವಾಸ ಕಡಿಮೆಯೇನಲ್ಲ. ಮತ್ತೆ, ಆ 2,000ದ ಬ್ರಂಚೇ ಖುಷಿಯ ಅಳತೆ ಅಂತ ಯಾರು ಹೇಳಿದರು? ನಮ್ಮ ಮನೆಯಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಬಜ್ಜಿ, ಅಂಬಲಿ ಹಿಡಿದು ಹಾದು ಹೋಗುವವರನ್ನೂ ಕರೆದು ಕುಂದರಿಸಿ ಉಣ್ಣುತ್ತಾರೆ. ಅದರ ಬಿಲ್ಲು ಯಾರ ಕಡೆಯೂ ಇಲ್ಲ. ತುಟ್ಟಿಯದ್ದೆಲ್ಲ ರುಚಿ ಅಂತ ನಾನು ವಾದ ಮಾಡ್ತಿಲ್ಲ. ರುಚಿ ನೋಡುವ ಹಕ್ಕು ಎಲ್ಲರದ್ದು ಅಂತ ವಾದ ಮಾಡ್ತಿದ್ದೀನಿ.

ಎಲ್ಲರದ್ದು ಅಂದೆನಲ್ಲ, ಅಲ್ಲಿಗೇ ಬರೋಣ. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು, ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಅವತ್ತಿನಿಂದ ಇವತ್ತಿನ ತನಕ ಅದರ ಬಗ್ಗೆ ನಡೆದ ಗೇಲಿಯಲ್ಲಿ ಅರ್ಧಕ್ಕರ್ಧ ‘ಹೆಂಗಸರು ತಿರುಗಲಿಕ್ಕೆ ಹತ್ಯಾರ’ ಅನ್ನುವುದೇ. ಕೂಲಿಗೆ ಹೋದರೆ ಸರಿ, ದವಾಖಾನೆಗೆ ಹೋದರೆ ಸರಿ, ಗುಡಿಗೂ ನಡೆಯುತ್ತದೆ. ತಿರುಗಿದರೆ ತಪ್ಪು. ಖಜಾನೆಯ ಲೆಕ್ಕ, ಸಾರಿಗೆ ನಿಗಮದ ಬಾಕಿ, ಬಸ್ಸುಗಳ ಸಂಖ್ಯೆ ಇವುಗಳ ಬಗ್ಗೆ ಕೇಳಬೇಕಾದ ಪ್ರಶ್ನೆ ಇವೆ, ಕೇಳಿ. ಆದರೆ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಗೋವಾ ಟ್ರಿಪ್ಪಿನ ಫೋಟೋ ತೋರಿಸ್ತಾ ತೋರಿಸ್ತಾ ‘ಹಳ್ಳಿ ಆಂಟಿಗಳೆಲ್ಲ ಫ್ರೀ ಬಸ್ಸಲ್ಲಿ ಟೂರ್ ಹೊಡೀತಿದ್ದಾರೆ’ ಅಂತ ನಕ್ಕವರು ಖಜಾನೆಯ ಚಿಂತೆಯಿಂದ ನಗಲಿಲ್ಲ.

ಆ ‘ಆಂಟಿ’ಗಳಲ್ಲಿ ನಮ್ಮ ಅವ್ವ ಒಬ್ಬಳು. ಓಣಿಯ ಮೂರು ಮಂದಿ ಗೆಳತಿಯರ ಜೊತೆ ಒಂದು ದಿನ ಕಮಲಾಪುರದಲ್ಲಿ ಬಸ್ಸು ಹತ್ತಿದಳು. ಕಲಬುರಗಿ ಅಲ್ಲಿಂದ ಹೆಚ್ಚೂಕಮ್ಮಿ 35 ಕಿಲೋಮೀಟರ್. ಇವಳ ವಯಸ್ಸಿನಲ್ಲಿ ಅಪ್ಪ ಆ ರೋಡಿನ ಮೇಲೆ ಎಷ್ಟು ಸಲ ಓಡಾಡಿದ್ದನೋ! ಎಳೆ ಹಸಿರು ಇಳಕಲ್ ಸೀರೆ ಉಟ್ಟಿದ್ದಳಂತೆ, ಮದುವೆಗೆ ಮಾತ್ರ ತೆಗೆಯುವಂಥದ್ದು. ಶರಣಬಸವೇಶ್ವರ ಗುಡಿಗೆ ಹೋದರು. ಬಂದೇನವಾಜ್ ದರ್ಗಾಕ್ಕೆ ಹೋದರು. ಬಳೆ ಕೊಂಡರು, ಐಸ್‌ಕ್ರೀಮ್ ತಿಂದರು, ಮಿರ್ಚಿ ಭಜಿ ಬಿಸಿ ಇದ್ದಾಗಲೇ ತಿಂದರು. ವಾಪಸು ಬರುವ ಮೊದಲು ಅವ್ವ ಹಟ ಹಿಡಿದು ನಾಲ್ಕೂ ಮಂದಿಯನ್ನು ನೆಹರು ಗಂಜಿಗೆ ಕರಕೊಂಡು ಹೋದಳು. ತೊಗರಿಯ ಒಂದು ರಾಶಿಯ ಮುಂದೆ ನಿಂತು, ಬೊಗಸೆ ತುಂಬಿ ಎತ್ತಿ, ಬೆರಳಿನಿಂದ ಆಡಿಸಿ ನೋಡಿದಳಂತೆ. ಅಂಗಡಿಯವ ‘ಏನ್ ಬೇಕಿತ್ತವ್ವಾ?’ ಅಂದದ್ದಕ್ಕೆ, ‘ಏನಿಲ್ಲ, ಇದು ಯಾರ ರಾಶಿನೋ, ಹಸನ ಸುದ್ದಾ ಮಾಡಿಲ್ಲ’ ಅಂದು ಬಂದಿದ್ದಾಳೆ.

ಊರಿಗೆ ಬಂದ ಮೇಲೆ ಕಾಕಾ ಕಟ್ಟಿ ಮೇಲಿಂದ ಕೇಳಿದ: ‘ಏನ್ ಕೆಲಸ ಇತ್ತು ವೈನಿ ಕಲಬುರಗಿದಾಗ? ಫುಕಟ್ ಬಸ್ಸು ಬಂದು ಹೆಂಗಸರ ಶೋಕಿ ಭಾಳ ಆಗ್ಯಾದ.’ ‘ಕೆಲಸ ಏನಿದ್ದಿಲ್ಲ, ಸುಮ್ನ ಹೋಗಿದ್ವಿ’ ಅಂದಳಂತೆ ಅವ್ವ. ನಲವತ್ತು ವರ್ಷದಲ್ಲಿ ಅವಳು ‘ಸುಮ್ನ’ ಎಲ್ಲಿಗಾದರೂ ಹೋದದ್ದು ನನಗೆ ನೆನಪಿಲ್ಲ.

ಅದಕ್ಕೇ ಕೇಳ್ತಿದ್ದೀನಿ, ನೀವು ಓದುವವರು, ಸಂಬಳ ಇರುವವರು, ಮುಂದಿನ ಸಲ ಊರಿಗೆ ಹೋದಾಗ ಒಂದೆರಡು ಕೆಲಸ ಮಾಡಿ. ಅಲ್ಲಿ ನಾಟಕ ಇದ್ದರೆ ಪಾಸು ಕೇಳಬ್ಯಾಡ್ರಿ, ಟಿಕೀಟು ತಗೋರಿ. ಗೋಡೆಗೆ ಚಿತ್ರ ಬೇಕಿದ್ದರೆ ಆನ್‌ಲೈನಿನಲ್ಲಿ ಪ್ಯಾರಿಸಿನ ಪೋಸ್ಟರ್ ತರಿಸುವ ಬದಲು ಕಲಬುರಗಿಯಲ್ಲಿ ಚಿತ್ರಕಲೆ ಓದಿ ಕೆಲಸವಿಲ್ಲದೆ ಕುಂತ ಹುಡುಗ ಹುಡುಗಿಯರಲ್ಲಿ ಒಬ್ಬರಿಂದ ಬರೆಸಿ, ಹೇಳಿದಷ್ಟು ಕೊಡಿ. ಸಂಘಟಕರು ಪರಿಚಯ ಇದ್ದರೆ ನಾಟಕವನ್ನು ಸಂಜೆ ಏಳಕ್ಕೆ ಬದಲು ಭಾನುವಾರ ಮಧ್ಯಾಹ್ನ ಮೂರಕ್ಕೆ ಇಡಲಿಕ್ಕೆ ಹೇಳಿ, ಕೊನೆಯ ಬಸ್ಸಿನ ಭಯ ಇಲ್ಲದೆ ಹಳ್ಳಿಯವರು ಬಂದು ಹೋಗ್ತಾರೆ. ಹೆಣ್ಣುಮಕ್ಕಳು ಹೋಗಿ ಕುಂದರುವ ಜಾಗದಲ್ಲಿ ಸ್ವಚ್ಛ ಶೌಚಾಲಯ ಇದೆಯೇನು ಅಂತ ಮೊದಲು ನೋಡಿ. ಇಲ್ಲದಿದ್ದರೆ ನಿಮ್ಮ ಟ್ವೀಟಿಗೆ ಅದೇ ವಿಷಯ ಸಾಕು.

ನನ್ನ ತಂಗಿ ಕಮಲಾಪುರದಲ್ಲಿ ಟೀಚರು. ಅವ್ವನ ಗುಂಪಿಗೆ ಈಗ ಅವಳೇ ಲೀಡರ್. ಮುಂದಿನ ಸಲ ಬೀದರ್ ಅಂತೆ, ಕೋಟೆ ನೋಡಲಿಕ್ಕೆ. ಕಲಬುರಗಿ ಬೀದರ್ ರೈಲು ಕಮಲಾಪುರದಲ್ಲೇ ನಿಲ್ಲುತ್ತದೆ, ಆದರೆ ರೈಲಿಗೆ ಟಿಕೀಟು ತಗೋಬೇಕು. ‘ಎಷ್ಟಾಗ್ತದ?’ ಅಂತ ಅವ್ವ ಕೇಳಿದಳು. ತಂಗಿ ಹೇಳಿದಳು. ಅವ್ವ ಒಂದು ಕ್ಷಣ ಬೆರಳು ಎಣಿಸಿ, ‘ಬಸ್ಸಿಗೇ ಹೋಗಾಣು, ಉಳಿದ ರೊಕ್ಕದಾಗ ಅಲ್ಲಿ ಏನರ ತಿಂದರಾತು’ ಅಂದಳಂತೆ. ನಾಲ್ಕು ಮಂದಿ ಇದ್ದವರು ಈಗ ಏಳಾಗಿದ್ದಾರೆ. ಏಳನೆಯವಳು ನಮ್ಮ ಕಾಕಾನ ಹೆಂಡತಿ.